ಕಥೆಗೊಂದು ಗುಪ್ತ ಅಂತರಿಕ್ಷ ಪಡೆ ಕಟ್ಟುವುದು ಹೇಗೆ: ಮೊದಲು ಬಿಸಿ, ಆಮೇಲೆ ಕಿರ್ದಿ ಪುಸ್ತಕ

ಸೈನ್ಸ್ ಫಿಕ್ಷನ್ ಬರೆಯಲು ಕೂತವರ ತಲೆಗೆ ಒಂದಲ್ಲ ಒಂದು ದಿನ ಈ ಪಡೆ ಬಂದೇ ಬರುತ್ತದೆ. ಯಾರಿಗೂ ಗೊತ್ತಿಲ್ಲದ ಹಡಗುಗಳು. ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಸೈನಿಕರು. ಕೇಳಿದರೆ ಸರ್ಕಾರವೇ 'ಅಂಥದ್ದು ಇಲ್ಲ' ಎನ್ನುವ ದಂಡು. ನನಗೆ ಈ ಕಲ್ಪನೆ ಚಿಕ್ಕಂದಿನಿಂದ ಇಷ್ಟ. ಹಾಗಾಗಿ ನಾನು ಬರೆದ ಮೊದಲ ಕಥೆಯಲ್ಲೇ ಗುರುಗ್ರಹದ ಹತ್ತಿರ 40 ಹಡಗುಗಳನ್ನು ನಿಲ್ಲಿಸಿದ್ದೆ. ಎಲ್ಲಕ್ಕೂ ಕಪ್ಪು ಬಣ್ಣ. ದೀಪ ಆರಿಸಿ, ರೇಡಿಯೋ ಮುಚ್ಚಿ, ವರ್ಷಗಟ್ಟಲೆ ಕಾಯುತ್ತಾ ಕೂತಿದ್ದವು. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವ ಗೆಳತಿಯೊಬ್ಬಳು ಓದಿ, ಒಂದೇ ಪ್ರಶ್ನೆ ಕೇಳಿದಳು: "ಒಳಗಿರೋರ ಮೈಬಿಸಿ ಎಲ್ಲಿಗೆ ಹೋಗುತ್ತೆ?"

ಆ ಪ್ರಶ್ನೆಯಿಂದ ಕಥೆಯನ್ನು ಪೂರ್ತಿ ಹೊಸದಾಗಿ ಬರೆಯಬೇಕಾಯಿತು. ಅಲ್ಲಿಂದ ಇಲ್ಲಿಯವರೆಗೆ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ನೀವು ಇಂಥ ಪಡೆ ಕಟ್ಟಬೇಕೆಂದಿದ್ದರೆ ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ: ಬಾಹ್ಯಾಕಾಶದಲ್ಲಿ ಹಡಗನ್ನು ಬಚ್ಚಿಡಲು ಆಗುವುದಿಲ್ಲ, ಅದರ ಕೆಲಸವನ್ನು ಬಚ್ಚಿಡಬಹುದು. ಕೆಳಗೆ ಬರುವುದೆಲ್ಲಾ ಈ ಮಾತಿನ ಸುತ್ತಲೇ ಇದೆ.

ಕತ್ತಲಿದೆ, ಆದರೆ ಮರೆ ಇಲ್ಲ

ಸಮುದ್ರದ ಜಲಾಂತರ್ಗಾಮಿಯನ್ನು ನೋಡಿ ನಾವು ಅಂತರಿಕ್ಷದ ಹಡಗನ್ನು ಕಲ್ಪಿಸಿಕೊಳ್ಳುತ್ತೇವೆ. ಮೋಸ ಹೋಗುವುದು ಅಲ್ಲೇ. ಸಮುದ್ರದಲ್ಲಿ ನೀರು ಮುಚ್ಚಿಡುತ್ತದೆ. ಬಿಸಿಯನ್ನೂ ನೀರೇ ಹೀರಿಕೊಳ್ಳುತ್ತದೆ. ಬಾಹ್ಯಾಕಾಶದಲ್ಲಿ ಹೀರಿಕೊಳ್ಳಲು ಏನೂ ಇಲ್ಲ. ಸುತ್ತಲಿನ ಆಕಾಶ ಸುಮಾರು 2.7 ಕೆಲ್ವಿನ್‌ನಷ್ಟು ತಣ್ಣಗಿದೆ, ಅಂದರೆ ಮೈನಸ್ 270 ಡಿಗ್ರಿಯ ಹತ್ತಿರ. ಅದರ ನಡುವೆ ಜನ ಬದುಕುವಷ್ಟು ಬೆಚ್ಚಗಿರುವ ಒಂದು ಡಬ್ಬಿ ತೇಲುತ್ತಿದ್ದರೆ ಬಿಸಿಯನ್ನು ನೋಡಬಲ್ಲ ಇನ್‌ಫ್ರಾರೆಡ್ ಕಣ್ಣಿಗೆ ಅದು ಅಮಾವಾಸ್ಯೆಯ ರಾತ್ರಿ ಗದ್ದೆಯಲ್ಲಿ ಹಚ್ಚಿಟ್ಟ ಲಾಟೀನಿನ ಹಾಗೆ ಕಾಣುತ್ತದೆ. ಕಪ್ಪು ಬಣ್ಣ ಬಳಿದರೂ ಉಪಯೋಗವಿಲ್ಲ. 2009ರಲ್ಲಿ ನಾಸಾ ಹಾರಿಸಿದ ವೈಸ್ ಎಂಬ ದೂರದರ್ಶಕ ಇದ್ದಿಲಿನಷ್ಟು ಕಪ್ಪಗಿರುವ ಕ್ಷುದ್ರಗ್ರಹಗಳನ್ನೂ ಅವುಗಳ ಬಿಸಿಯಿಂದಲೇ ಹುಡುಕಿತು. ಅವು ಬರೀ ಬಿಸಿಲು ಕಾಯಿಸಿಕೊಂಡ ಕಲ್ಲುಗಳು. ನಿಮ್ಮ ಹಡಗಿನಲ್ಲಿ ರಿಯಾಕ್ಟರ್ ಇದೆ, ಅಡುಗೆಮನೆ ಇದೆ, ಜನ ಇದ್ದಾರೆ.

ಸುಮ್ನೆ ಒಂದು ಲೆಕ್ಕ ಹಾಕೋಣ. ಸುಮ್ಮನೆ ಕೂತ ಮನುಷ್ಯ ಸುಮಾರು 100 ವ್ಯಾಟ್ ಬಿಸಿ ಬಿಡುತ್ತಾನೆ. 200 ಜನ ಅಂದರೆ 20 ಕಿಲೋವ್ಯಾಟ್, ಇಂಜಿನ್ ಇನ್ನೂ ಸ್ಟಾರ್ಟೇ ಆಗಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮುಖ್ಯ ರೇಡಿಯೇಟರುಗಳು 70 ಕಿಲೋವ್ಯಾಟ್ ಬಿಸಿಯನ್ನು ಹೊರಗೆ ಹಾಕುವಂತೆ ಕಟ್ಟಿದವು. ಫೋಟೋದಲ್ಲಿ ಅವು ಎಷ್ಟು ದೊಡ್ಡದಾಗಿ ಬಿಳಿ ಬಿಳಿಯಾಗಿ ಕಾಣುತ್ತವೆ ನೋಡಿ. ಕೋಣೆಯ ಉಷ್ಣತೆಯಲ್ಲಿರುವ ಒಂದು ಚದರ ಮೀಟರ್ ರೇಡಿಯೇಟರ್, ಎಲ್ಲಾ ಸರಿಯಿದ್ದರೂ, ಒಂದು ಮುಖದಿಂದ 450 ವ್ಯಾಟ್‌ಗಿಂತ ಅಷ್ಟೇನೂ ಜಾಸ್ತಿ ಬಿಡಲಾರದು. ಹಾಗಾದರೆ 1 ಮೆಗಾವ್ಯಾಟ್ ಬಿಸಿ ಬಿಡಲು ಸುಮಾರು 2,200 ಚದರ ಮೀಟರ್ ಬೇಕು. ಒಂದು ಕಬಡ್ಡಿ ಅಂಕಣ 130 ಚದರ ಮೀಟರ್. ಹದಿನೇಳು ಕಬಡ್ಡಿ ಅಂಕಣಗಳನ್ನು ಬೆನ್ನಿಗೆ ಕಟ್ಟಿಕೊಂಡು ಹಡಗು ಎಲ್ಲಿ ಅಡಗೀತು? ರೇಡಿಯೇಟರನ್ನು ಜಾಸ್ತಿ ಕಾಯಿಸಿದರೆ ಅಗಲ ಕಡಿಮೆ ಮಾಡಬಹುದು, ನಿಜ. ಆದರೆ ಕಾಯಿಸಿದಷ್ಟೂ ಅದು ಇನ್ನೂ ಚೆನ್ನಾಗಿ ಹೊಳೆಯುತ್ತದೆ.

ಇನ್ನು ರೇಡಿಯೋ. ವಾಯೇಜರ್ 1 ನೌಕೆಯ ಟ್ರಾನ್ಸ್‌ಮಿಟರ್ 20 ವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ, ಫ್ರಿಜ್ಜಿನೊಳಗಿನ ಬಲ್ಬಿನ ಲೆಕ್ಕದ್ದು. ಅದು 2,400 ಕೋಟಿ ಕಿಲೋಮೀಟರ್‌ಗಿಂತ ದೂರದಿಂದ ಮಾತಾಡಿದರೂ ಭೂಮಿಯ ಮೇಲಿನ 70 ಮೀಟರ್ ಅಗಲದ ಆಂಟೆನಾಗಳು ಕೇಳಿಸಿಕೊಳ್ಳುತ್ತವೆ. ಎತ್ತ ಕಿವಿಯಿಡಬೇಕು ಎಂದು ಅವಕ್ಕೆ ಗೊತ್ತಿರುವುದರಿಂದ ಅದು ಸಾಧ್ಯ ಎಂಬುದನ್ನೂ ಮರೆಯಬೇಡಿ. ನಿಮ್ಮ ಕಥೆಗೆ ಈ ಮಾತು ಮುಂದೆ ಬೇಕಾಗುತ್ತದೆ.

ಹಾಗಾದರೆ ಮರೆ ಎಂಬುದು ಎಲ್ಲೂ ಇಲ್ಲವೇ? ಸ್ವಲ್ಪ ಇದೆ. ಚಂದ್ರನ ಹಿಂಬದಿ ಭೂಮಿಗೆ ಕಾಣುವುದಿಲ್ಲ. 2019ರ ಜನವರಿಯಲ್ಲಿ ಚಾಂಗ್'ಎ 4 ಎಂಬ ನೌಕೆ ಅಲ್ಲಿ ಇಳಿಯುವ ಮೊದಲು ಚೀನಾ ಸಂದೇಶ ದಾಟಿಸಲು ಒಂದು ರಿಲೇ ಉಪಗ್ರಹವನ್ನು ಕಳಿಸಿಯೇ ಇಡಬೇಕಾಯಿತು, ಇಲ್ಲದಿದ್ದರೆ ಮಾತೇ ಇಲ್ಲ. ಇನ್ನೊಂದು ಮರೆ ಸೂರ್ಯ. ಸುಮಾರು 26 ತಿಂಗಳಿಗೊಮ್ಮೆ ಮಂಗಳ ಗ್ರಹ ಭೂಮಿಯಿಂದ ನೋಡಿದರೆ ಸೂರ್ಯನ ಆಚೆ ಹೋಗುತ್ತದೆ. ಆಗ ನಾಸಾ ಹೆಚ್ಚುಕಡಿಮೆ ಎರಡು ವಾರ ಅಲ್ಲಿನ ನೌಕೆಗಳಿಗೆ ಹೊಸ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತದೆ. ಅಷ್ಟು ದಿನ ಅಲ್ಲಿ ಏನು ನಡೆದರೂ ಇಲ್ಲಿಂದ ಕೈ ಹಾಕಲು ಆಗುವುದಿಲ್ಲ. ಗುಪ್ತ ಪಡೆಯ ಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಇಂಥ ಗಡುವು ಇರುವ ಮರೆಯನ್ನೇ ಬಳಸಿ. 'ಅದೃಶ್ಯವಾಗುವ ಯಂತ್ರ' ಎಂದು ಬರೆದರೆ ಕಥೆಯ ಅರ್ಧ ಬಿಗಿ ಅಲ್ಲೇ ಸಡಿಲವಾಗುತ್ತದೆ.

ಕಾಣುವ ಹಾಗೆ ಇಡಿ, ಬೇರೆ ಹೆಸರಿನಲ್ಲಿ

ನಿಜ ಜೀವನದಲ್ಲಿ ದೇಶಗಳು ಮಾಡಿದ್ದೂ ಇದನ್ನೇ. ಅಮೆರಿಕದ ಮೊದಲ ಬೇಹು ಉಪಗ್ರಹಗಳ ನಿಜವಾದ ಹೆಸರು ಕರೋನಾ. ಜನರಿಗೆ ಹೇಳಿದ್ದು ಡಿಸ್ಕವರರ್ ಎಂಬ ವಿಜ್ಞಾನದ ಯೋಜನೆ ಅಂತ. 1960ರ ಆಗಸ್ಟಿನಲ್ಲಿ ಅದರ ಫಿಲ್ಮ್ ಸುರುಳಿಯ ಡಬ್ಬಿ ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದಾಗ ವಿಮಾನವೊಂದು ಗಾಳಿಯಲ್ಲೇ ಕೊಕ್ಕೆ ಹಾಕಿ ಎಳೆದುಕೊಂಡಿತು. ಅಸಲಿ ಸಂಗತಿ ಅಧಿಕೃತವಾಗಿ ಹೊರಗೆ ಬಂದದ್ದು 1995ರಲ್ಲಿ. ಈ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದ್ದ ಎನ್‌ಆರ್‌ಒ ಎಂಬ ಕಚೇರಿ ಹುಟ್ಟಿದ್ದು 1961ರಲ್ಲಿ, ಅಂಥದ್ದೊಂದು ಇದೆ ಎಂದು ಸರ್ಕಾರ ಒಪ್ಪಿಕೊಂಡಿದ್ದು 1992ರಲ್ಲಿ. ಮೂವತ್ತು ವರ್ಷ! ಒಬ್ಬ ಮನುಷ್ಯ ಕೆಲಸಕ್ಕೆ ಸೇರಿ ನಿವೃತ್ತನಾಗುವಷ್ಟು ಕಾಲ. ಅವನು ಮನೆಯಲ್ಲಿ ಏನು ಹೇಳಿಕೊಂಡಿದ್ದ ಎಂದು ಯೋಚಿಸಿ, ಅಲ್ಲೊಂದು ಅಧ್ಯಾಯ ಸಿಗುತ್ತದೆ.

ಸೋವಿಯತ್ ಕಡೆಯೂ ಅಷ್ಟೇ. 1974ರಲ್ಲಿ ಹಾರಿದ ಸಾಲ್ಯೂಟ್ 3 ಲೋಕಕ್ಕೆ ಇನ್ನೊಂದು ಸಂಶೋಧನಾ ನಿಲ್ದಾಣ. ಒಳಗೆ ಅದು ಅಲ್ಮಾಜ್ ಎಂಬ ಸೇನೆಯ ನಿಲ್ದಾಣ, ಹೊಟ್ಟೆಯ ಕೆಳಗೆ ಫಿರಂಗಿ ಇತ್ತು. ಜನ ಯಾರೂ ಒಳಗಿಲ್ಲದಾಗ, 1975ರ ಜನವರಿಯಲ್ಲಿ, ಅದನ್ನು ಹಾರಿಸಿಯೂ ನೋಡಿದರು. ಹೆಸರು ಸಾಲ್ಯೂಟ್ ಎಂದೇ ಇತ್ತು. ಹೊರಗಿನವರಿಗೆ ಹಿಂದಿನ ಸಾಲ್ಯೂಟ್‌ಗೂ ಇದಕ್ಕೂ ಇರುವ ವ್ಯತ್ಯಾಸ ಹೆಸರಿನಿಂದ ಗೊತ್ತಾಗುವ ಹಾಗೇ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಮುದ್ರದ ಕಥೆ. 1968ರಲ್ಲಿ ಕೆ-129 ಎಂಬ ಸೋವಿಯತ್ ಜಲಾಂತರ್ಗಾಮಿ ಪೆಸಿಫಿಕ್ ಸಾಗರದಲ್ಲಿ ಮುಳುಗಿತು. ಆಳ ಹತ್ತಿರ ಹತ್ತಿರ 5 ಕಿಲೋಮೀಟರ್. ಅದನ್ನು ಕದ್ದು ಮೇಲೆತ್ತಲು ಅಮೆರಿಕದ ಸಿಐಎ ಒಂದು ದೈತ್ಯ ಹಡಗನ್ನೇ ಕಟ್ಟಿಸಿತು, ಗ್ಲೋಮರ್ ಎಕ್ಸ್‌ಪ್ಲೋರರ್. ಇಷ್ಟು ದೊಡ್ಡದನ್ನು ಬಚ್ಚಿಡುವುದು ಹೇಗೆ? ಬಚ್ಚಿಡಲೇ ಇಲ್ಲ. ಶ್ರೀಮಂತ ಹೊವಾರ್ಡ್ ಹ್ಯೂಸ್ ಸಮುದ್ರದ ತಳದಿಂದ ಮ್ಯಾಂಗನೀಸ್ ಉಂಡೆಗಳನ್ನು ತೆಗೆಯಲು ಹೊರಟಿದ್ದಾನೆ ಎಂದು ಸುದ್ದಿ ಹಬ್ಬಿಸಿದರು. 1974ರಲ್ಲಿ ಎತ್ತಲು ಹೋದಾಗ ಜಲಾಂತರ್ಗಾಮಿ ಮಧ್ಯದಲ್ಲಿ ಮುರಿದು ಒಂದು ಭಾಗವಷ್ಟೇ ಮೇಲೆ ಬಂತು. ಗುಟ್ಟು ಒಡೆದ ಮೇಲೆ ಕೇಳಿದವರಿಗೆಲ್ಲಾ 'ಹೌದೂ ಅನ್ನುವುದಿಲ್ಲ, ಇಲ್ಲವೂ ಅನ್ನುವುದಿಲ್ಲ' ಎಂಬ ಉತ್ತರ ಕೊಟ್ಟರು. ಅಂಥ ಉತ್ತರಕ್ಕೆ ಇವತ್ತಿಗೂ ಆ ಹಡಗಿನ ಹೆಸರೇ ಇದೆ.

ಆದ್ದರಿಂದ ನಿಮ್ಮ ಪಡೆಗೆ ಮೊದಲು ಒಂದು ಮರ್ಯಾದಸ್ಥ ಹಗಲು ಕೆಲಸ ಹುಡುಕಿ. ನಾನು ನನ್ನ 40 ಹಡಗುಗಳನ್ನು 7ಕ್ಕೆ ಇಳಿಸಿದೆ. ಜಾಗವನ್ನು ಗುರುಗ್ರಹದಿಂದ ಸೆರೆಸ್‌ಗೆ ಬದಲಾಯಿಸಿದೆ. ಸೆರೆಸ್ ಎಂದರೆ ಮಂಗಳ ಮತ್ತು ಗುರುವಿನ ನಡುವಿನ ಕುಬ್ಜ ಗ್ರಹ. 2015ರಿಂದ 2018ರವರೆಗೆ ಡಾನ್ ನೌಕೆ ಅದನ್ನು ಸುತ್ತಿ ನೋಡಿತು, ಅಲ್ಲಿ ನೀರ್ಗಲ್ಲು ಬೇಕಾದಷ್ಟಿದೆ. ನನ್ನ ಏಳು ಹಡಗುಗಳೂ ಐಸ್ ಸಾಗಿಸುವ ಲಾರಿಗಳಿದ್ದ ಹಾಗೆ. ಎಲ್ಲರಿಗೂ ಕಾಣುತ್ತವೆ, ಟೈಮ್‌ಟೇಬಲ್ ಪ್ರಕಾರ ಓಡಾಡುತ್ತವೆ. ದೊಡ್ಡ ಇಂಜಿನ್ ಯಾಕೆ? ಭಾರ ಎಳೆಯಬೇಕಲ್ಲ. ದೊಡ್ಡ ರೇಡಿಯೇಟರ್ ಯಾಕೆ? ದೊಡ್ಡ ಇಂಜಿನ್ ಇದೆಯಲ್ಲ. ಗೆಳತಿಯ ಪ್ರಶ್ನೆಗೆ ಉತ್ತರ ಸಿಕ್ಕಿತು.

ಹಗಲು ಕೆಲಸ ಹುಡುಕುವಾಗ ಕಾನೂನನ್ನೂ ಒಮ್ಮೆ ನೋಡಿ. 1967ರ ಬಾಹ್ಯಾಕಾಶ ಒಪ್ಪಂದದ 4ನೇ ವಿಧಿ ಕಕ್ಷೆಯಲ್ಲಿ ಅಣ್ವಸ್ತ್ರ ಇಡಬಾರದು ಎನ್ನುತ್ತದೆ. 1975ರ ನೋಂದಣಿ ಒಪ್ಪಂದದ ಪ್ರಕಾರ ಹಾರಿಸಿದ ವಸ್ತುವಿನ ವಿವರವನ್ನು ವಿಶ್ವಸಂಸ್ಥೆಗೆ ಕೊಡಬೇಕು, ಆದರೆ ಅದು ಏನು ಮಾಡುತ್ತದೆ ಎಂಬ ಜಾಗದಲ್ಲಿ ಕೇಳಿರುವುದು 'ಸಾಮಾನ್ಯ ಕೆಲಸ' ಮಾತ್ರ. ಆ ಎರಡು ಪದಗಳೊಳಗೆ ಒಂದು ಇಡೀ ಪಡೆ ಹಿಡಿಸುತ್ತದೆ. ನಿಮ್ಮ ಕಥೆಯ ಲೋಕಕ್ಕೂ ಇಂಥದ್ದೊಂದು ಒಪ್ಪಂದ ಬರೆದುಕೊಳ್ಳಿ, ನಾಲ್ಕು ಸಾಲು ಸಾಕು. ಯಾವ ಸಾಲನ್ನು ನಿಮ್ಮ ಪಡೆ ಮುರಿಯುತ್ತದೆ, ಯಾವ ಸಾಲಿನ ಸಂದಿಯಲ್ಲಿ ನುಸುಳುತ್ತದೆ ಎಂದು ನಿಮಗೆ ಗೊತ್ತಿರಲಿ. ನಿಯಮವೇ ಇಲ್ಲದ ಲೋಕದಲ್ಲಿ ಕದ್ದುಮುಚ್ಚಿ ಮಾಡುವುದಕ್ಕೆ ಏನೂ ಇರುವುದಿಲ್ಲ.

ಕಿರ್ದಿ ಪುಸ್ತಕ

ಈಗ ನನಗೆ ತುಂಬಾ ಪ್ರೀತಿಯ ಭಾಗ. ಹಡಗನ್ನು ಬೇರೆ ಹೆಸರಿನಲ್ಲಿ ಇಟ್ಟಿರಿ, ಸರಿ. ಆದರೆ ಹೆಸರು ಬದಲಾದರೆ ಹೊಟ್ಟೆ ಬದಲಾಗುವುದಿಲ್ಲ. ಪಡೆಯ ನಿಜವಾದ ನೆರಳು ಬೀಳುವುದು ಲೆಕ್ಕದ ಪುಸ್ತಕದ ಮೇಲೆ.

ನನ್ನ ಹಡಗಿನ ಕಾಗದದಲ್ಲಿ 12 ಜನ ಸಿಬ್ಬಂದಿ ಎಂದಿದೆ. ನಿಜವಾಗಿ ಇರುವವರು 40, ಉಳಿದ 28 ಜನ ಸೈನಿಕರು. ಮನುಷ್ಯನಿಗೆ ದಿನಕ್ಕೆ ಸುಮಾರು 0.84 ಕಿಲೋ ಆಕ್ಸಿಜನ್ ಬೇಕು. 12 ಜನಕ್ಕೆ 10 ಕಿಲೋ, 40 ಜನಕ್ಕೆ ಹತ್ತಿರ ಹತ್ತಿರ 34 ಕಿಲೋ. ವರ್ಷಕ್ಕೆ ವ್ಯತ್ಯಾಸ ಎಂಟೂವರೆ ಟನ್. ಆಹಾ, ಇಲ್ಲೇ ಸಿಕ್ಕಿಬೀಳುತ್ತಾರೆ ಎಂದುಕೊಂಡು ನಾನು ಒಂದು ಇಡೀ ಅಧ್ಯಾಯ ಬರೆದೆ. ಆಮೇಲೆ ಹೊಳೆಯಿತು: ಇವರ ಹಡಗಿನಲ್ಲಿ ಸಾವಿರಾರು ಟನ್ ಐಸ್ ಇದೆ, ಕರೆಂಟ್ ಇದೆ, ನೀರನ್ನು ಒಡೆದರೆ ಆಕ್ಸಿಜನ್ ತಾನೇ ಬರುತ್ತದೆ. ಯಾರ ಹತ್ತಿರವೂ ಕೇಳಬೇಕಾಗಿಲ್ಲ. ಅಧ್ಯಾಯ ಹೋಯಿತು. ಆದರೆ ಅದರ ಜಾಗಕ್ಕೆ ಬಂದದ್ದು ಅದಕ್ಕಿಂತ ಚೆನ್ನಾಗಿತ್ತು.

ಐಸ್‌ನಿಂದ ಆಕ್ಸಿಜನ್ ಬರುತ್ತದೆ, ಹಲ್ಲುಜ್ಜುವ ಬ್ರಷ್ ಬರುವುದಿಲ್ಲ. ಊಟ ಬರುವುದಿಲ್ಲ, ಪ್ಯಾಕಿಂಗ್ ಸೇರಿದರೆ ಒಬ್ಬರಿಗೆ ದಿನಕ್ಕೆ ಸುಮಾರು 1.8 ಕಿಲೋ. ಚಪ್ಪಲಿ, ಕನ್ನಡಕ, ಬಿಪಿ ಮಾತ್ರೆ, ಸ್ಯಾನಿಟರಿ ಪ್ಯಾಡ್, ಗಾಳಿ ಶುದ್ಧ ಮಾಡುವ ಫಿಲ್ಟರ್, ಉಪ್ಪು. ಇವೆಲ್ಲಾ ಎಲ್ಲಿಂದಲೋ ಇಂಡೆಂಟ್ ಹಾಕಿಸಿ ತರಿಸಬೇಕು. ಸೆರೆಸ್ ನಿಲ್ದಾಣದಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಒಬ್ಬ ಹೆಂಗಸು ಒಂದು ದಿನ ವರ್ಷದ ಲೆಕ್ಕ ಮುಗಿಸುವಾಗ 12 ಜನರ ಹಡಗಿಗೆ ಮೂರು ತಿಂಗಳಿಗೊಮ್ಮೆ 40 ಬ್ರಷ್ ಹೋಗಿರುವುದನ್ನು ಗಮನಿಸುತ್ತಾಳೆ. ನನ್ನ ಕಥೆ ಅಲ್ಲಿಂದ ಶುರುವಾಗುತ್ತದೆ. ಗುಂಡಿನ ಸದ್ದಿಲ್ಲ, ಬೆನ್ನಟ್ಟಿ ಬರುವವರಿಲ್ಲ. ಒಂದು ಲೆಡ್ಜರ್, ಒಂದು ಅನುಮಾನ, 'ಇದನ್ನು ಸಾಹೇಬರಿಗೆ ಹೇಳಲೋ ಬೇಡವೋ' ಎಂಬ ಚಿಂತೆ. ನಮ್ಮ ಕಚೇರಿಗಳಲ್ಲಿ ಮಸ್ಟರ್ ರೋಲ್ ನೋಡಿದವರಿಗೆ, ಇನ್‌ವರ್ಡ್ ನಂಬರ್ ಹುಡುಕಿದವರಿಗೆ ಈ ಚಿಂತೆ ಚೆನ್ನಾಗಿ ಗೊತ್ತಿರುತ್ತದೆ ಅಲ್ವಾ?

ನೀವೂ ಹೀಗೆ ಮಾಡಿ. ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಹಡಗಿನ ಕಾಗದ ಏನು ಹೇಳುತ್ತದೆ, ಬಲಕ್ಕೆ ನಿಜ ಏನು. ಜನ, ಊಟ, ಇಂಧನ, ಸಂಬಳ, ರಿಪೇರಿ, ಸತ್ತವರು. ಎರಡು ಕಡೆಯೂ ಹೊಂದದ ಪ್ರತಿ ಸಾಲಿನ ಮುಂದೆ, ಅದನ್ನು ಮುಚ್ಚಿಹಾಕಿದವರು ಯಾರು ಎಂದು ಬರೆಯಿರಿ. ಅಷ್ಟು ಹೊತ್ತಿಗೆ ನಿಮ್ಮ ಪಾತ್ರಗಳ ಪಟ್ಟಿ ಅರ್ಧ ಆಗಿರುತ್ತದೆ.

ಭಾರದ ಲೆಕ್ಕವನ್ನೂ ಮರೆಯಬೇಡಿ. ಇದು ಸ್ವಲ್ಪ ಸೂಕ್ಷ್ಮ, ಆದರೆ ಸೊಗಸಾಗಿದೆ. ಇಂಜಿನ್ ಉರಿಯುವಾಗ ದೂರದಿಂದ ನೋಡುವವರಿಗೆ ಅದರ ಜ್ವಾಲೆ ಕಾಣುತ್ತದೆ, ಹಡಗಿನ ವೇಗ ಎಷ್ಟು ಬೇಗ ಏರುತ್ತಿದೆ ಎಂಬುದೂ ಸಿಗುತ್ತದೆ. ತಳ್ಳುವ ಬಲ ಗೊತ್ತು, ವೇಗ ಏರುವ ದರ ಗೊತ್ತು, ಹಾಗಾದರೆ ತೂಕ ಎಷ್ಟೆಂದು ಹೈಸ್ಕೂಲ್ ಹುಡುಗಿಯೂ ಭಾಗಾಕಾರ ಮಾಡಿ ಹೇಳಬಲ್ಲಳು. 10,000 ಟನ್ ಐಸ್ ತುಂಬಿದೆ ಎಂದು ಬರೆದುಕೊಂಡ ಹಡಗು ಖಾಲಿ ಗಾಡಿಯ ಹಾಗೆ ಜಿಗಿದರೆ ಸುಳ್ಳು ಅಲ್ಲೇ ಹೊರಗೆ ಬಿತ್ತು. ಹಾಗಾಗಿ ನಿಮ್ಮ ಕ್ಯಾಪ್ಟನ್ ಎಷ್ಟೇ ಅವಸರವಿದ್ದರೂ ಭಾರದ ಗಾಡಿ ಹೊಡೆಯುವವನ ಹಾಗೆ ನಿಧಾನವಾಗಿ ಓಡಿಸಬೇಕು. ಜೊತೆಯ ಹಡಗು ಅಪಾಯದಲ್ಲಿದೆ, ಇವನು ಮಾತ್ರ ಓಡುವ ಹಾಗಿಲ್ಲ. ಆ ಒಂದು ಗಂಟೆಯನ್ನು ಬರೆದು ನೋಡಿ.

ಗುಟ್ಟು ಒಡೆಯುವವರು ಯಾರು

ಹೀರೋ ಪತ್ತೇದಾರನೇ ಆಗಬೇಕಿಲ್ಲ. ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನ ಗ್ರಾಮರ್ ಶಾಲೆಯಲ್ಲಿ ಜೆಫ್ರಿ ಪೆರ್ರಿ ಎಂಬ ಫಿಸಿಕ್ಸ್ ಮೇಷ್ಟ್ರು ಇದ್ದರು. ಮಕ್ಕಳ ಜೊತೆ ಕೂತು ರೇಡಿಯೋದಲ್ಲಿ ಸೋವಿಯತ್ ಉಪಗ್ರಹಗಳ ಬೀಪ್ ಕೇಳಿ ಬರೆದುಕೊಳ್ಳುತ್ತಿದ್ದರು. 1966ರಲ್ಲಿ ಕಾಸ್ಮೋಸ್ 112 ಹಾರಿದಾಗ ಅದರ ದಾರಿ ಗೊತ್ತಿರುವ ಯಾವ ಉಡಾವಣಾ ಕೇಂದ್ರಕ್ಕೂ ಹೊಂದಲಿಲ್ಲ. ಇನ್ನೂ ಕೆಲವು ಉಪಗ್ರಹಗಳನ್ನು ಗಮನಿಸಿ, ದಾರಿಗಳನ್ನು ಹಿಂದಕ್ಕೆ ಎಳೆದು ನೋಡಿ, ಉತ್ತರ ರಷ್ಯಾದ ಪ್ಲೆಸೆಟ್ಸ್ಕ್ ಹತ್ತಿರ ಗುಪ್ತ ಕೇಂದ್ರವೊಂದಿದೆ ಎಂದು ಆ ಶಾಲೆಯವರು ಲೋಕಕ್ಕೆ ತಿಳಿಸಿದರು. ಸೋವಿಯತ್ ಸರ್ಕಾರ ಅದನ್ನು ಒಪ್ಪಿಕೊಂಡಿದ್ದು 1983ರಲ್ಲಿ. ಶಾಲೆಯ ಮಕ್ಕಳು ಹದಿನೇಳು ವರ್ಷ ಮೊದಲೇ ಕಂಡುಹಿಡಿದಿದ್ದರು. ನಾನು ಇದನ್ನು ಮೊದಲ ಸಲ ಓದಿದಾಗ ರಾತ್ರಿಯೆಲ್ಲಾ ಅದೇ ತಲೆಯಲ್ಲಿತ್ತು.

ಈಗಲೂ ಹಾಗೇ ನಡೆಯುತ್ತಿದೆ. ಅಮೆರಿಕದ ಎಕ್ಸ್-37ಬಿ ಎಂಬ ಚಾಲಕರಿಲ್ಲದ ನೌಕೆ 2010ರಿಂದ ಹೋಗಿಬರುತ್ತಿದೆ, ಒಂದು ಸಲ 908 ದಿನ ಮೇಲೆಯೇ ಇತ್ತು. ಒಳಗೆ ಏನಿದೆ ಎಂದು ಪೂರ್ತಿ ಹೇಳುವುದಿಲ್ಲ. 2023ರ ಡಿಸೆಂಬರಿನಲ್ಲಿ ಮತ್ತೆ ಹಾರಿದಾಗ ಕಕ್ಷೆಯನ್ನೂ ಹೇಳಲಿಲ್ಲ. ಎರಡು ತಿಂಗಳೊಳಗೆ ಹವ್ಯಾಸಕ್ಕೆ ಆಕಾಶ ನೋಡುವವರು ಅದನ್ನು ಹುಡುಕಿಬಿಟ್ಟರು. ಅವರಿಗೆ ಎಲ್ಲಿದೆ ಎಂದು ಗೊತ್ತಾಯಿತು, ಏನು ಮಾಡುತ್ತಿದೆ ಎಂದು ಗೊತ್ತಾಗಲಿಲ್ಲ. ಮೊದಲು ಹೇಳಿದ ಮಾತೇ ಇದು.

ಭೂಮಿಯ ಸಮುದ್ರದಲ್ಲೂ ಈಗ 'ನೆರಳು ಪಡೆ' ಎಂದೇ ಕರೆಯುವ ಹಡಗುಗಳಿವೆ. ನಿರ್ಬಂಧ ತಪ್ಪಿಸಿ ತೈಲ ಸಾಗಿಸುವ ಹಳೆಯ ಟ್ಯಾಂಕರುಗಳು. ಅಂತರರಾಷ್ಟ್ರೀಯ ಯಾನದ 300 ಟನ್‌ಗಿಂತ ದೊಡ್ಡ ಹಡಗುಗಳೆಲ್ಲಾ ತಾವು ಎಲ್ಲಿದ್ದೇವೆ ಎಂದು ಸಾರುವ ಎಐಎಸ್ ಯಂತ್ರ ಇಟ್ಟುಕೊಳ್ಳಬೇಕು. ಇವು ಅದನ್ನು ಆರಿಸುತ್ತವೆ, ಇಲ್ಲವೇ ಸುಳ್ಳು ಜಾಗ ಹೇಳುತ್ತವೆ, ಬಾವುಟ ಬದಲಾಯಿಸುತ್ತವೆ, ಹೆಸರನ್ನು ಅಳಿಸಿ ಹೊಸದು ಬರೆಯುತ್ತವೆ. ಆದರೆ ಪ್ರತಿ ಹಡಗಿಗೂ ಏಳು ಅಂಕಿಯ ಐಎಂಒ ನಂಬರ್ ಇರುತ್ತದೆ, ಅದು ಹುಟ್ಟಿನಿಂದ ಸಾಯುವವರೆಗೂ ಒಂದೇ. ಹಾಗಾಗಿ ಕೆಲವರು ಗುಜರಿಗೆ ಹೋದ ಹಡಗಿನ ನಂಬರನ್ನೇ ಎತ್ತಿ ಹಾಕಿಕೊಳ್ಳುತ್ತಾರೆ. ಸತ್ತ ಹಡಗಿನ ಹೆಸರಿನಲ್ಲಿ ಓಡಾಡುವ ಜೀವಂತ ಹಡಗು! ಇದನ್ನು ನಾನು ನೇರವಾಗಿ ನನ್ನ ಕಥೆಗೆ ಎತ್ತಿಕೊಂಡಿದ್ದೇನೆ, ನೀವೂ ಎತ್ತಿಕೊಳ್ಳಿ.

ಕಥೆಯನ್ನು ನಮ್ಮ ಊರಿಂದಲೇ ನೋಡಬೇಕೆಂದಿದ್ದರೆ ಒಳ್ಳೆಯ ಜಾಗಗಳಿವೆ. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ಇಸ್ರೋದ 18 ಮತ್ತು 32 ಮೀಟರ್ ಆಂಟೆನಾಗಳಿವೆ, ಚಂದ್ರಯಾನ 1ರ ಕಾಲದಲ್ಲಿ ಕಟ್ಟಿದವು. ಕಕ್ಷೆಯ ವಸ್ತುಗಳ ಮೇಲೆ ಕಣ್ಣಿಡುವ ನೇತ್ರ ಯೋಜನೆಯ ಕೇಂದ್ರ 2020ರ ಡಿಸೆಂಬರಿನಲ್ಲಿ ಪೀಣ್ಯದಲ್ಲಿ ಶುರುವಾಯಿತು. ರಾತ್ರಿ ಪಾಳಿಯ ಒಬ್ಬ ಟೆಕ್ನೀಷಿಯನ್‌ಗೆ ಟೈಮ್‌ಟೇಬಲ್‌ನಲ್ಲಿ ಇಲ್ಲದ ಒಂದು ದನಿ ಕೇಳಿಸಿತು ಎಂದರೆ ಸಾಕು. ದೂರವನ್ನು ಮಾತ್ರ ಸರಿಯಾಗಿ ಇಡಿ. ಸೆರೆಸ್‌ನಿಂದ ಬೆಳಕು ಇಲ್ಲಿಗೆ ಬರಲು, ಅದು ಎಲ್ಲಿದೆ ಎಂಬುದರ ಮೇಲೆ, ಹೆಚ್ಚುಕಡಿಮೆ 13ರಿಂದ 33 ನಿಮಿಷ ಬೇಕು. ಅಲ್ಲಿಗೂ ಇಲ್ಲಿಗೂ ಫೋನಿನ ಹಾಗೆ ಮಾತಾಡಿಸಬೇಡಿ. ಪ್ರಶ್ನೆ ಕಳಿಸಿ ಕಾಯಬೇಕು. ಆ ಕಾಯುವಿಕೆಯಲ್ಲಿ ಪಾತ್ರಗಳಿಗೆ ಚಹಾ ಕುಡಿಯಲು, ಸುಳ್ಳು ಹೊಂದಿಸಲು ಸಮಯ ಸಿಗುತ್ತದೆ.

ನೆರಳಿನ ಪಡೆ ಕಥೆಯಲ್ಲಿ ಏನು ಮಾಡುತ್ತದೆ

ಇಷ್ಟೆಲ್ಲಾ ಕಟ್ಟಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಈ ಪಡೆ ಕಥೆಗೆ ಯಾಕೆ ಬೇಕು? ಬರೀ ರೋಚಕತೆಗೆ ಅಂದರೆ ಓದುಗರು ಮರುದಿನವೇ ಮರೆಯುತ್ತಾರೆ. ಇದಕ್ಕೆ ನಾನು ಮತ್ತೆ ಮತ್ತೆ ನೋಡುವ ಉದಾಹರಣೆ ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಟಿವಿ ಕಥಾಲೋಕ. ಅಲ್ಲಿ ಸ್ಟಾರ್‌ಫ್ಲೀಟ್ ಎಂಬುದು ಬೆಳಕಿನ ಪಡೆ, ಅನ್ವೇಷಣೆ, ನ್ಯಾಯ, ಮಾತುಕತೆ ಅದರ ದಾರಿ. 1998ರಲ್ಲಿ ಡೀಪ್ ಸ್ಪೇಸ್ ನೈನ್ ಸರಣಿಯ ಒಂದು ಕಂತಿನಲ್ಲಿ ಸ್ಲೋನ್ ಎಂಬ ಮನುಷ್ಯ ಬರುತ್ತಾನೆ. ತನ್ನ ಸಂಸ್ಥೆಯ ಹೆಸರು ಸೆಕ್ಷನ್ 31, ಸ್ಟಾರ್‌ಫ್ಲೀಟಿನ ಮೂಲ ಸನ್ನದಿನಲ್ಲೇ ಅದಕ್ಕೆ ಜಾಗವಿದೆ ಎನ್ನುತ್ತಾನೆ. ಒಂದು ಕಾನೂನಿನ ಸೆಕ್ಷನ್ ನಂಬರೇ ಹೆಸರು! ಕಚೇರಿ ತೋರಿಸುವುದಿಲ್ಲ, ಪಡೆ ತೋರಿಸುವುದಿಲ್ಲ. ಒಬ್ಬ ಮನುಷ್ಯ, ಕಪ್ಪು ಬಟ್ಟೆ, ಮೆಲ್ಲಗಿನ ಮಾತು. ಅಷ್ಟಕ್ಕೇ ಇಡೀ ಸ್ಟಾರ್‌ಫ್ಲೀಟ್ ಬೇರೆಯಾಗಿ ಕಾಣತೊಡಗುತ್ತದೆ.

ಮುಂದೆ ಗೊತ್ತಾಗುತ್ತದೆ, ಯುದ್ಧದಲ್ಲಿ ಶತ್ರುಗಳ ನಾಯಕ ಕುಲವನ್ನೇ ಅಳಿಸಲು ಈ ಸಂಸ್ಥೆ ಒಂದು ರೋಗ ಹಬ್ಬಿಸಿದೆ. ಜೂಲಿಯನ್ ಬಶೀರ್ ಎಂಬ ವೈದ್ಯ ಮದ್ದು ಹುಡುಕಲು ಹೊರಡುತ್ತಾನೆ. ನನ್ನನ್ನು ಬೆಚ್ಚಿಬೀಳಿಸಿದ್ದು ರೋಗ ಹಬ್ಬಿಸಿದ್ದಕ್ಕಿಂತ ಇನ್ನೊಂದು ವಿಷಯ: ಸಂಗತಿ ತಿಳಿದ ಮೇಲೂ ಬೆಳಕಿನ ಸರ್ಕಾರ ಆ ಮದ್ದನ್ನು ಶತ್ರುಗಳಿಗೆ ಕೊಡುವುದು ಬೇಡ ಎಂದು ತೀರ್ಮಾನಿಸುತ್ತದೆ. ತಾವು ಮಾಡಲಿಲ್ಲ, ಮಾಡಿದ್ದನ್ನು ಬಿಡಿಸಲೂ ಇಲ್ಲ. ನೆರಳಿನ ಪಡೆಯ ಕೆಲಸ ಕಥೆಯಲ್ಲಿ ಇದೇ. ಒಳ್ಳೆಯವರು ಎಂದು ನಾವು ನಂಬಿದವರು ಯಾವ ಬಾಗಿಲನ್ನು ಮುಚ್ಚಿಟ್ಟಿದ್ದಾರೆ ಎಂದು ಅದು ತೋರಿಸುತ್ತದೆ. ಹಾಗಾಗಿ ನಿಮ್ಮ ಗುಪ್ತ ಪಡೆಯನ್ನು ಬರೆಯುವ ಮೊದಲು ಬಹಿರಂಗ ಪಡೆಯನ್ನು ಪ್ರೀತಿಯಿಂದ ಬರೆಯಿರಿ. ಓದುಗರು ಅದನ್ನು ನೆಚ್ಚಬೇಕು, ಅದರಲ್ಲಿ ಸೇರಬೇಕು ಎಂದು ಆಸೆಪಡಬೇಕು. ಆಗ ಮಾತ್ರ ಎರಡನೆಯದು ನೋಯಿಸುತ್ತದೆ.

ಅದೇ ಸ್ಟಾರ್ ಟ್ರೆಕ್‌ನಲ್ಲಿ ಡಿಸ್ಕವರಿ ಸರಣಿಯ 2019ರ ಕಂತುಗಳಿಗೆ ಬಂದರೆ ಸೆಕ್ಷನ್ 31ಕ್ಕೆ ಸ್ವಂತ ಹಡಗುಗಳಿವೆ, ಎದೆಯ ಮೇಲೆ ಕಪ್ಪು ಬ್ಯಾಡ್ಜ್ ಇದೆ. ನೋಡಲು ಭರ್ಜರಿಯಾಗಿದೆ, ಯುದ್ಧವೂ ಜೋರಾಗಿದೆ. ನನಗೆ ಮಾತ್ರ ಬ್ಯಾಡ್ಜ್ ಕಂಡ ಕೂಡಲೇ ಭಯ ಹೋಯಿತು. ಗುರುತಿನ ಚೀಟಿ ತೋರಿಸುವ ನೆರಳು ನೆರಳಾಗಿ ಉಳಿಯುವುದಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರು ಬಹಳ ಜನ ಇದ್ದಾರೆ. ಆದರೂ ಬರೆಯುವವರಿಗೆ ಹೇಳುವುದು ಇಷ್ಟೇ: ಏಳು ಹಡಗುಗಳಿದ್ದರೆ ಒಂದನ್ನು ತೋರಿಸಿ. ಅದನ್ನೂ ಹೊರಗಿನಿಂದ, ಐಸ್ ಹಡಗಾಗಿಯೇ. ಒಳಗೆ ಒಮ್ಮೆ ಮಾತ್ರ ಕರೆದುಕೊಂಡು ಹೋಗಿ.

ಒಳಗೆ ಹೋದಾಗ ಕರಿ ಸಮವಸ್ತ್ರ, ನೀಲಿ ದೀಪಗಳಿಗಿಂತ ಮೊದಲು ಅಲ್ಲಿರುವ ಜನರನ್ನು ನೋಡಿ. ಅಮೆರಿಕದ ಲ್ಯಾಂಗ್ಲಿಯಲ್ಲಿ ಸಿಐಎ ಕಚೇರಿಯ ಗೋಡೆಯೊಂದರ ಮೇಲೆ ಸತ್ತವರ ನೆನಪಿಗೆ ನಕ್ಷತ್ರಗಳನ್ನು ಕೆತ್ತಿದ್ದಾರೆ. ಕೆಳಗೆ ಇಟ್ಟಿರುವ ಪುಸ್ತಕದಲ್ಲಿ ಕೆಲವು ನಕ್ಷತ್ರಗಳ ಮುಂದೆ ಹೆಸರಿನ ಜಾಗ ಖಾಲಿ. ನಿಮ್ಮ ಪಡೆಯ ಸೈನಿಕ ಸತ್ತರೆ ಕಾಗದದ ಪ್ರಕಾರ ಸತ್ತದ್ದು ಯಾರು? ಆ 28 ಜನರಲ್ಲಿ ಒಬ್ಬ ಹೋದರೆ ಹಡಗಿನಲ್ಲಿ 12 ಜನ ಹಾಗೇ ಇದ್ದಾರೆ. ಅವನ ತಾಯಿ ಪೆನ್ಷನ್ ಕೇಳಿಕೊಂಡು ಯಾವ ಕೌಂಟರ್ ಮುಂದೆ ನಿಲ್ಲಬೇಕು? ಈ ಪ್ರಶ್ನೆಗೆ ಉತ್ತರ ಬರೆಯದೆ ಗುಪ್ತ ಪಡೆಯ ಕಥೆ ಮುಗಿಯಿತು ಎಂದು ನನಗೆ ಅನ್ನಿಸುವುದಿಲ್ಲ.

ಕನ್ನಡದಲ್ಲಿ ಬರೆಯುವಾಗ

ಸ್ವಲ್ಪ ಭಾಷೆಯ ವಿಷಯ. ಎಲ್ಲಾ ಯಂತ್ರಕ್ಕೂ ಹೊಸ ಸಂಸ್ಕೃತ ಪದ ಹೊಸೆಯಬೇಡಿ. ಹಡಗಿನ ಮೆಕ್ಯಾನಿಕ್ ರೇಡಿಯೇಟರ್ ಅಂತಲೇ ಅನ್ನುತ್ತಾನೆ, ವಾಲ್ವ್ ಅಂತಲೇ ಅನ್ನುತ್ತಾನೆ. ದೊಡ್ಡ ಅಧಿಕಾರಿಗೆ ಕಿರಿಯರು 'ಸರ್', 'ಮೇಡಂ' ಎನ್ನುತ್ತಾರೆ, ಮೆಸ್‌ನಲ್ಲಿ ತಮ್ಮತಮ್ಮಲ್ಲಿ 'ಏನೋ', 'ಬಾರೋ', 'ಅಕ್ಕ' ನಡೆಯುತ್ತದೆ. ಒಬ್ಬ ಸೈನಿಕ ಯಾರನ್ನು 'ನೀವು' ಎನ್ನುತ್ತಾನೆ, ಯಾವ ದಿನದಿಂದ 'ನೀನು' ಎಂದು ಬದಲಾಯಿಸುತ್ತಾನೆ ಎಂಬುದರಿಂದಲೇ ಎಷ್ಟೋ ಗುಟ್ಟು ಹೇಳಬಹುದು. ಇದು ನಮ್ಮ ಭಾಷೆ ಕೊಟ್ಟ ಅನುಕೂಲ, ಬಿಡಬೇಡಿ. ಪಡೆಯ ಹೆಸರೂ ಸಪ್ಪೆಯಾಗಿರಲಿ. 'ಕಾಳರಾತ್ರಿ ದಳ' ಎಂದು ಇಟ್ಟರೆ ಮಗುವಿಗೂ ಅನುಮಾನ ಬರುತ್ತದೆ. ನಾನು ಇಟ್ಟಿದ್ದು 'ಎರಡನೇ ಸಾಗಣೆ ವಿಭಾಗ'.

ಎಲ್ಲಿಂದ ಶುರು ಮಾಡಬೇಕು ಎಂದು ಗೊತ್ತಾಗದಿದ್ದರೆ ಯುದ್ಧದಿಂದ ಶುರು ಮಾಡಬೇಡಿ. ಎರಡು ಕಾಲಮ್ಮಿನ ಆ ಹಾಳೆಯನ್ನು ಮುಂದಿಟ್ಟುಕೊಳ್ಳಿ. ಹೊಂದದ ಸಾಲುಗಳಲ್ಲಿ ತೀರಾ ಚಿಕ್ಕದನ್ನು ಆರಿಸಿ, ಬ್ರಷ್ಷೋ ಉಪ್ಪೋ ಕನ್ನಡಕವೋ. ಅದನ್ನು ದಿನಾ ಕೈಯಲ್ಲಿ ಹಿಡಿಯುವ ಮನುಷ್ಯ ಯಾರು ಎಂದು ಹುಡುಕಿ. ಅವಳನ್ನು ಅವಳ ಮೇಜಿನ ಮುಂದೆ ಕೂರಿಸಿ, ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ. ಪಕ್ಕದ ಕಿಟಕಿಯಲ್ಲಿ ಐಸ್ ಹಡಗೊಂದು ಹೊರಡಲು ಸಿದ್ಧವಾಗುತ್ತಿರಲಿ. ಅವಳು ಪೆನ್ ಹಿಡಿದು ಒಂದು ಸಾಲಿನ ಮೇಲೆ ನಿಲ್ಲುತ್ತಾಳೆ. ಅಲ್ಲಿಂದ ಬರೆಯಿರಿ.